ಹೋಟೆಲ್ ಸಪ್ಲೈಯರ್‌ಗಳ ಡ್ಯೂಟಿ ಚಾರ್ಟ್‌ಗೆ ಲೀನಿಯರ್ ಪ್ರೋಗ್ರಾಮಿಂಗ್ ಬಳಸಿದವರು ಯಾರಾದರೂ ಇದ್ದೀರಾ?

ಶಿರಾ_ಹೈವೇ

ಎಲ್ಲರಿಗೂ ನಮಸ್ಕಾರ. ಶಿರಾ ಹತ್ತಿರ ಹೈವೇ ಪಕ್ಕದಲ್ಲಿ ನಮ್ಮದೊಂದು ವೆಜ್ ಹೋಟೆಲ್ ಇದೆ. ಓನರ್ ನಮ್ಮ ದೊಡ್ಡಪ್ಪ, ಮ್ಯಾನೇಜರ್ ಕೆಲಸ ನನ್ನದು. ಅಡುಗೆಮನೆ ಭಟ್ಟರ ಕೈಯಲ್ಲಿದೆ, ಆ ಕಡೆ ನಾನು ತಲೆ ಹಾಕುವುದಿಲ್ಲ. ನನ್ನ ತಲೆನೋವೆಲ್ಲಾ ಸಪ್ಲೈಯರ್‌ಗಳದ್ದು.

ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಹೋಟೆಲ್ ತೆರೆದಿರುತ್ತದೆ. ಎರಡೇ ಶಿಫ್ಟ್: 6ರಿಂದ 2, 2ರಿಂದ 10. ಬಿಲ್ಲಿಂಗ್ ಮಷಿನ್‌ನಲ್ಲಿ ಗಂಟೆಗೆ ಎಷ್ಟು ಬಿಲ್ ಆಗಿದೆ ಅಂತ ನೋಡಿ, ಯಾವಾಗ ಎಷ್ಟು ಸಪ್ಲೈಯರ್ ಬೇಕು ಅಂತ ಒಂದು ಅಂದಾಜು ಮಾಡಿದ್ದೇನೆ:

6–8: 6 ಜನ
8–10: 12
10–12: 8
12–2: 9
2–4: 4
4–6: 7
6–8: 11
8–10: 6

ಊಟ, ಟೀ ಬಿಡುವು ಎಲ್ಲಾ ಇದರಲ್ಲೇ ಸೇರಿಸಿದ್ದೇನೆ. ಬೆಳಗಿನ ಶಿಫ್ಟ್‌ಗೆ 12, ಸಂಜೆಗೆ 11, ಒಟ್ಟು ದಿನಕ್ಕೆ 23. ರೋಲ್‌ನಲ್ಲಿ 26 ಜನ ಇದ್ದಾರೆ. ಆದರೂ ವಾರ ವಾರ ಯಾರದ್ದೋ ರಜೆ ಕಟ್ ಆಗುತ್ತೆ, ಜಗಳ ಆಗುತ್ತೆ. ಮಧ್ಯಾಹ್ನ 3 ಗಂಟೆಗೆ ಬಂದು ನೋಡಿದರೆ ಏಳೆಂಟು ಜನ ಕಂಬಕ್ಕೆ ಒರಗಿ ಮೊಬೈಲ್ ನೋಡ್ತಾ ಇರ್ತಾರೆ. ದೊಡ್ಡಪ್ಪ ಅದನ್ನು ನೋಡಿ "ಜನ ಜಾಸ್ತಿ ಆಗಿದ್ದಾರೆ, ನಾಲ್ಕು ಜನರನ್ನ ತೆಗಿ" ಅಂತಾರೆ. ಬೆಳಿಗ್ಗೆ 9ಕ್ಕೆ ಅವರು ಬರುವುದೇ ಇಲ್ಲ, ಬಂದರೆ ಗೊತ್ತಾಗುತ್ತಿತ್ತು.

ಬಿ.ಕಾಂನಲ್ಲಿ ಲೀನಿಯರ್ ಪ್ರೋಗ್ರಾಮಿಂಗ್ ಅಂತ ಒಂದು ಪಾಠ ಓದಿದ ನೆನಪು. ಎರಡು ಗೆರೆ ಎಳೆದು, ಮಧ್ಯದ ಜಾಗಕ್ಕೆ ಬಣ್ಣ ಹಚ್ಚಿ, ಮೂಲೆ ನೋಡಿ ಉತ್ತರ ಬರೀತಿದ್ವಿ. ಅದು ಇಂಥದ್ದಕ್ಕೆ ನಿಜವಾಗಲೂ ಕೆಲಸಕ್ಕೆ ಬರುತ್ತಾ? ಶಿಫ್ಟ್ ಸಮಯ ಆಚೀಚೆ ಮಾಡಿದರೆ ಜನ ಉಳಿಯುತ್ತಾರಾ? ಸಾಫ್ಟ್‌ವೇರ್ ಏನೂ ಇಲ್ಲ, ಎಕ್ಸೆಲ್ ಇದೆ ಅಷ್ಟೇ. ಒಬ್ಬ ಸಪ್ಲೈಯರ್‌ಗೆ ದಿನಕ್ಕೆ ಸುಮಾರು 600 ರೂಪಾಯಿ ಬೀಳುತ್ತೆ.

---

ಬೀಸೋಕಲ್ಲು

ಸರ್, ಲೀನಿಯರ್ ಪ್ರೋಗ್ರಾಮಿಂಗ್ ಆಮೇಲೆ ನೋಡೋಣ. ಮೊದಲು ಸುಮ್ನೆ ಗುಣಾಕಾರ ಮಾಡಿ. ದಿನಕ್ಕೆ 23 ಅಂದರೆ ವಾರಕ್ಕೆ 161 ಆಳು. 26 ಜನ, ತಲೆಗೆ ಆರು ದಿನ ಅಂದರೆ 156. ಪ್ರತಿ ವಾರ 5 ಆಳು ಕಡಿಮೆ ಬೀಳುತ್ತೆ. ಯಾರೂ ಒಂದು ದಿನ ಕೂಡ ಕಾಯಿಲೆ ಬೀಳದೆ, ಊರ ಜಾತ್ರೆಗೆ ಹೋಗದೆ ಇದ್ದರೂ ಐದು ಜನರ ರಜೆ ಕಟ್ ಆಗಲೇಬೇಕು. ಜಗಳ ಯಾಕೆ ಅನ್ನೋದು ಇಲ್ಲೇ ಇದೆ ಅಲ್ವಾ? ಈಗಿನ ಶಿಫ್ಟ್ ಹೀಗೇ ಇರಬೇಕು ಅಂದರೆ ನಿಮಗೆ 27 ಜನ ಬೇಕು. ದೊಡ್ಡಪ್ಪ ನಾಲ್ಕು ಜನರನ್ನು ತೆಗಿ ಅಂತಿದ್ದಾರೆ, ಲೆಕ್ಕ ಒಬ್ಬರನ್ನು ಸೇರಿಸು ಅಂತಿದೆ.

ಈಗ ಶಿಫ್ಟ್ ವಿಷಯ. 8 ಗಂಟೆಯ ಶಿಫ್ಟ್ ಎಲ್ಲಿಂದ ಬೇಕಾದರೂ ಶುರುವಾಗಬಹುದು ಅಂತ ಇಟ್ಟುಕೊಳ್ಳಿ: 6ಕ್ಕೆ, 8ಕ್ಕೆ, 10ಕ್ಕೆ, 12ಕ್ಕೆ, 2ಕ್ಕೆ. ಒಂದೊಂದು ಶಿಫ್ಟ್‌ಗೆ ಎಷ್ಟು ಜನ ಅನ್ನೋದು ನಮಗೆ ಗೊತ್ತಿಲ್ಲದ ಸಂಖ್ಯೆ, ಅಂದರೆ ವೇರಿಯಬಲ್. ಎರಡೆರಡು ಗಂಟೆಯ ಒಂದೊಂದು ಹೊತ್ತಿಗೂ ಒಂದೊಂದು ಷರತ್ತು: ಆ ಹೊತ್ತಿನಲ್ಲಿ ಡ್ಯೂಟಿಯಲ್ಲಿರುವ ಎಲ್ಲಾ ಶಿಫ್ಟ್‌ನವರನ್ನು ಕೂಡಿದರೆ ಬೇಕಾದಷ್ಟು ಅಥವಾ ಜಾಸ್ತಿ ಇರಬೇಕು. ಒಟ್ಟು ಜನ ಎಷ್ಟು ಕಡಿಮೆ ಆಗುತ್ತೋ ಅಷ್ಟು ಕಡಿಮೆ ಮಾಡಬೇಕು. ಇಷ್ಟೇ. ನೀವು ಗೆರೆ ಎಳೆದದ್ದು ವೇರಿಯಬಲ್ ಎರಡೇ ಇದ್ದದ್ದಕ್ಕೆ. ಇಲ್ಲಿ ಐದಾರು ಇವೆ, ಕಾಗದದ ಮೇಲೆ ಎಳೆಯಕ್ಕೆ ಆಗಲ್ಲ, ಎಕ್ಸೆಲ್ ಮಾಡುತ್ತೆ.

ನಿಮ್ಮ ಸಂಖ್ಯೆ ಹಾಕಿ ನೋಡಿದೆ. ಉತ್ತರ 23. ಅಂದರೆ ಶಿಫ್ಟ್ ಸಮಯ ಎಷ್ಟೇ ಆಚೀಚೆ ಮಾಡಿದರೂ ಒಬ್ಬನೂ ಉಳಿಯಲ್ಲ! ಕಾರಣ ನೋಡಿ: ಬೆಳಿಗ್ಗೆ 8–10ಕ್ಕೆ 12 ಜನ ಬೇಕು, ಸಂಜೆ 6–8ಕ್ಕೆ 11. ಈ ಎರಡು ಹೊತ್ತಿನಲ್ಲೂ ಇರುವಂಥ 8 ಗಂಟೆಯ ಶಿಫ್ಟ್ ಒಂದೂ ಇಲ್ಲ. ಹಾಗಾಗಿ ಆ 12 ಜನ ಬೇರೆ, ಈ 11 ಜನ ಬೇರೆ. ಮಧ್ಯಾಹ್ನ ಕಂಬಕ್ಕೆ ಒರಗಿದವರು ಸೋಮಾರಿಗಳಲ್ಲ. ಸಂಜೆ 6ಕ್ಕೆ ಬೇಕಾದವರನ್ನು ಎಂಟು ಗಂಟೆ ಕೆಲಸ ತುಂಬಿಸಬೇಕು ಅಂತ ನೀವೇ 2ಕ್ಕೆ ಕರೆಸಿದ್ದೀರಿ.

ಈಗ ಬ್ರೇಕ್ ಡ್ಯೂಟಿ ಅಂತ ಒಂದು ಆರನೇ ಶಿಫ್ಟ್ ಸೇರಿಸಿ. ಬೆಳಿಗ್ಗೆ 8ರಿಂದ 12, ಆಮೇಲೆ ಬಿಡುವು, ಮತ್ತೆ ಸಂಜೆ 4ರಿಂದ 8. ಉತ್ತರ 19ಕ್ಕೆ ಇಳಿಯುತ್ತೆ: 6–2ಕ್ಕೆ 8 ಜನ, 12–8ಕ್ಕೆ ಒಬ್ಬ, 2–10ಕ್ಕೆ 6, ಬ್ರೇಕ್ ಡ್ಯೂಟಿಗೆ 4. ಕೂಡಿ ನೋಡಿ, ಎಲ್ಲಾ ಹೊತ್ತಿಗೂ ಸರಿಹೋಗುತ್ತೆ.

ಎಕ್ಸೆಲ್‌ನಲ್ಲಿ ಮಾಡುವುದು ಹೀಗೆ. ಸಾಲಿಗೆ ಒಂದು ಶಿಫ್ಟ್, ಕಾಲಂಗೆ ಒಂದು ಹೊತ್ತು. ಆ ಹೊತ್ತಿನಲ್ಲಿ ಆ ಶಿಫ್ಟ್ ಇದ್ದರೆ 1, ಇಲ್ಲದಿದ್ದರೆ 0. ಪಕ್ಕದಲ್ಲಿ "ಎಷ್ಟು ಜನ" ಅಂತ ಒಂದು ಖಾಲಿ ಕಾಲಂ. ಕೆಳಗೆ ಪ್ರತಿ ಹೊತ್ತಿಗೂ ಸಮ್‌ಪ್ರಾಡಕ್ಟ್ ಫಾರ್ಮುಲಾ (ಆ ಹೊತ್ತಿನ 1–0ಗಳನ್ನು ಜನರ ಸಂಖ್ಯೆಯಿಂದ ಗುಣಿಸಿ ಕೂಡುತ್ತೆ), ಅದರ ಕೆಳಗೆ ನಿಮ್ಮ ಬೇಕಾದ ಸಂಖ್ಯೆ. ಆಪ್ಷನ್ಸ್‌ನಲ್ಲಿ ಆಡ್-ಇನ್ಸ್‌ಗೆ ಹೋಗಿ ಸಾಲ್ವರ್ (ಇಂಥ ಲೆಕ್ಕ ಬಿಡಿಸುವ ಎಕ್ಸೆಲ್‌ನದೇ ಸಾಧನ) ಆನ್ ಮಾಡಿದರೆ ಡೇಟಾ ಟ್ಯಾಬ್‌ನಲ್ಲಿ ಬರುತ್ತೆ. ಒಟ್ಟು ಜನದ ಸೆಲ್ ಕೊಟ್ಟು ಮಿನ್ ಅಂತ ಆರಿಸಿ, ಖಾಲಿ ಕಾಲಂ ತೋರಿಸಿ, ಷರತ್ತು ಹಾಕಿ, ವಿಧಾನದಲ್ಲಿ ಸಿಂಪ್ಲೆಕ್ಸ್ ಎಲ್‌ಪಿ, ಅಂದರೆ ಲೀನಿಯರ್ ಪ್ರೋಗ್ರಾಮಿಂಗ್ ಬಿಡಿಸುವ ವಿಧಾನ, ಆರಿಸಿ. ಅದನ್ನು ಮರೆತರೆ ಬೇರೆ ಯಾವುದೋ ವಿಧಾನದಲ್ಲಿ ಬಿಡಿಸಲು ಹೋಗುತ್ತೆ.

---

ಮಸಾಲೆಪುರಿ

ನಂದೂ ಒಂದು ಪ್ರಶ್ನೆ, ಗೂಗಲ್ ಶೀಟ್ಸ್‌ನಲ್ಲಿ ಆಗಲ್ವಾ? ನಮ್ಮ ಅಂಗಡಿಯಲ್ಲಿ ಎಲ್ಲಾ ಅದರಲ್ಲೇ ಇದೆ.

---

ಬೀಸೋಕಲ್ಲು

ಅದರೊಳಗೇ ಇಲ್ಲ. ಓಪನ್‌ಸಾಲ್ವರ್ ಅಂತ ಆಡ್-ಆನ್ ಹಾಕಿಕೊಳ್ಳಬೇಕು. ಇಲ್ಲಾ ಲಿಬ್ರೆ ಆಫೀಸ್ ಇಳಿಸಿಕೊಳ್ಳಿ, ಪುಕ್ಕಟೆ, ಟೂಲ್ಸ್ ಮೆನುವಿನಲ್ಲಿ ಸಾಲ್ವರ್ ಇದೆ.

---

ಗಣಿತದ_ಮೇಷ್ಟ್ರು

ಹೈವೇ ಹೋಟೆಲ್ ಅಂದಿದ್ದಕ್ಕೆ ಒಂದು ಹಳೇ ವಿಷಯ ನೆನಪಾಯಿತು. ಈ ಥರದ ಶಿಫ್ಟ್ ಲೆಕ್ಕ ಬಂದದ್ದೇ ರಸ್ತೆ ಟೋಲ್‌ನಿಂದ. ನ್ಯೂಯಾರ್ಕ್‌ನ ಪೋರ್ಟ್ ಅಥಾರಿಟಿಯಲ್ಲಿದ್ದ ಲೆಸ್ಲಿ ಈಡಿ ಅನ್ನುವವರು 1954ರಲ್ಲಿ ಟೋಲ್ ಬೂತ್‌ಗಳಲ್ಲಿ ಗಾಡಿಗಳು ಎಷ್ಟು ಹೊತ್ತು ಕಾಯುತ್ತವೆ, ಯಾವಾಗ ಎಷ್ಟು ಬೂತ್ ತೆರೆದಿರಬೇಕು ಅಂತ ಲೆಕ್ಕ ಹಾಕಿ ಬರೆದರು. ಅದೇ ವರ್ಷ ಜಾರ್ಜ್ ಡ್ಯಾಂಟ್ಜಿಗ್ ಅದಕ್ಕೊಂದು ಚಿಕ್ಕ ಟಿಪ್ಪಣಿ ಬರೆದು, ಬೂತ್‌ಗೆ ಜನ ಹಾಕುವುದನ್ನು ಲೀನಿಯರ್ ಪ್ರೋಗ್ರಾಮಿಂಗ್ ಆಗಿ ಬರೆಯಬಹುದು ಅಂತ ತೋರಿಸಿದರು. ಬೀಸೋಕಲ್ಲು ಅವರು ಮೇಲೆ ಬರೆದ 1–0 ಕೋಷ್ಟಕದ ಮೂಲ ಅದೇ. 1947ರಲ್ಲಿ ಸಿಂಪ್ಲೆಕ್ಸ್ ವಿಧಾನ ಕೊಟ್ಟವರೂ ಇದೇ ಡ್ಯಾಂಟ್ಜಿಗ್. ಆಗ ಕಂಪ್ಯೂಟರ್ ಎಲ್ಲಿತ್ತು? ಕಡಿಮೆ ಖರ್ಚಿನಲ್ಲಿ ಪೌಷ್ಟಿಕ ಊಟ ಹೇಗೆ ಅನ್ನುವ, 9 ಷರತ್ತು, 77 ಆಹಾರ ಪದಾರ್ಥ ಇದ್ದ ಒಂದು ಲೆಕ್ಕವನ್ನು ಮೇಜಿನ ಮೇಲಿನ ಕ್ಯಾಲ್ಕುಲೇಟರ್ ತಿರುಗಿಸಿ ಬಿಡಿಸಲು ಸುಮಾರು 120 ಆಳು-ದಿನ ಹಿಡಿದಿತ್ತು. ನಿಮ್ಮ ಎಕ್ಸೆಲ್‌ಗೆ ಅದು ಕಣ್ಣು ಮಿಟುಕಿಸುವಷ್ಟರ ಕೆಲಸ.

ಇನ್ನೊಂದು ಮುಖ್ಯ ವಿಷಯ. ಲೀನಿಯರ್ ಪ್ರೋಗ್ರಾಮಿಂಗ್‌ಗೆ ಮನುಷ್ಯ ಅರ್ಧ ಇರಬಾರದು ಅಂತ ಗೊತ್ತಿಲ್ಲ. ಶಿಫ್ಟ್ ಎಲ್ಲಾ ಒಂದೇ ಪಟ್ಟು ಇದ್ದರೆ, ಅಂದರೆ ಕೋಷ್ಟಕದ ಪ್ರತಿ ಸಾಲಿನಲ್ಲೂ 1ಗಳು ಮಧ್ಯೆ ಬಿಡದೆ ಒಟ್ಟಿಗೆ ಬಂದರೆ, ಸಿಂಪ್ಲೆಕ್ಸ್ ಕೊಡುವ ಉತ್ತರ ತಾನಾಗಿಯೇ ಪೂರ್ಣಾಂಕ ಆಗಿರುತ್ತೆ. ಇದು ಅದೃಷ್ಟ ಅಲ್ಲ, ಸಾಬೀತಾದ ವಿಷಯ. ಬ್ರೇಕ್ ಡ್ಯೂಟಿ ಸೇರಿಸಿದ ತಕ್ಷಣ ಆ ಗ್ಯಾರಂಟಿ ಹೋಯಿತು. ಈಗಿನ ಸಂಖ್ಯೆಗೆ 19 ಸರಿಯಾಗಿ ಬಂತು. ಬೆಳಿಗ್ಗೆ 8–10ಕ್ಕೆ 12ರ ಬದಲು 13 ಅಂತ ಹಾಕಿ ನೋಡಿ, 19.5 ಅನ್ನುತ್ತೆ. ಆಗ ಸಾಲ್ವರ್‌ನಲ್ಲಿ "ಇಂಟ್" (ಪೂರ್ಣಾಂಕ ಮಾತ್ರ) ಅಂತ ಷರತ್ತು ಸೇರಿಸಬೇಕು, ಉತ್ತರ 20 ಆಗುತ್ತೆ. ಮನಸ್ಸಿಗೆ ಬಂದ ಹಾಗೆ ರೌಂಡ್ ಮಾಡಬೇಡಿ. ಎಲ್ಲವನ್ನೂ ಕೆಳಕ್ಕೆ ರೌಂಡ್ ಮಾಡಿದರೆ ಯಾವುದೋ ಹೊತ್ತಿಗೆ ಜನ ಸಾಲಲ್ಲ, ಎಲ್ಲವನ್ನೂ ಮೇಲಕ್ಕೆ ಮಾಡಿದರೆ ಉಳಿಸಿದ್ದೆಲ್ಲಾ ಹೋಯ್ತು.

---

ಹಳೇ_ಕ್ಯಾಷಿಯರ್

ಎಲ್ಲಾ ಓದಿದೆ, ಚೆನ್ನಾಗಿದೆ. ಈಗ ಹೋಟೆಲ್‌ನಲ್ಲಿ ಕೂದಲು ಹಣ್ಣು ಮಾಡಿಕೊಂಡವನ ಮಾತೂ ಸ್ವಲ್ಪ ಕೇಳಿ.

ಆ 12 ಅನ್ನೋದು ಎಲ್ಲಿಂದ ಬಂತು ತಮ್ಮಾ? ಬಿಲ್ಲಿಂಗ್ ಮಷಿನ್‌ನ ಸರಾಸರಿಯಿಂದ ಅಲ್ವಾ? ಹೈವೇ ಹೋಟೆಲ್‌ನಲ್ಲಿ ಸರಾಸರಿ ಅನ್ನೋದು ದೊಡ್ಡ ಸುಳ್ಳು. ಒಂದೇ ಸಲ ಎರಡು ಟೂರಿಸ್ಟ್ ಬಸ್ ಬಂದು ನಿಂತರೆ ಎಂಬತ್ತು ತಲೆ ಒಟ್ಟಿಗೆ ಒಳಗೆ ಬರುತ್ತೆ. ಅರ್ಧ ಗಂಟೆ ಯುದ್ಧ, ಆಮೇಲೆ ಮುಕ್ಕಾಲು ಗಂಟೆ ಪೂರ್ತಿ ಖಾಲಿ. ಎರಡು ಗಂಟೆಯ ಬಿಲ್ ಕೂಡಿ ಭಾಗಿಸಿದರೆ ಆ ಯುದ್ಧ ಕಾಣೋದೇ ಇಲ್ಲ. ಜೊತೆಗೆ ಇನ್ನೊಂದು, ಬಿಲ್ ಆಗೋದು ಗಿರಾಕಿ ಹೋಗುವಾಗ. ಸಪ್ಲೈಯರ್ ಬೇಕಾಗೋದು ಅವನು ಬಂದು ಕೂತಾಗ. ನಿಮ್ಮ ಸಂಖ್ಯೆ ಎಲ್ಲಾ ಅರ್ಧ ಗಂಟೆ ಹಿಂದಕ್ಕೆ ತಳ್ಳಬೇಕು. ಬೆಳಿಗ್ಗೆ ಕಾದು ಕಾದು ಎದ್ದು ಹೋದವನ ಬಿಲ್ ಮಷಿನ್‌ನಲ್ಲಿ ಇರೋದೇ ಇಲ್ಲ, ಅದೂ ಯೋಚನೆ ಮಾಡಿ.

ಎರಡನೇದು ಬ್ರೇಕ್ ಡ್ಯೂಟಿ. ಕಾಗದದ ಮೇಲೆ ಬಲು ಚೆಂದ. ಬೆಳಿಗ್ಗೆ 8ಕ್ಕೆ ಬಂದವನು ರಾತ್ರಿ 8ರ ತನಕ ನಿಮ್ಮ ಹೋಟೆಲ್ ಸುತ್ತಮುತ್ತಲೇ ಇರಬೇಕು. ನೀವು ಎಂಟು ಗಂಟೆ ಸಂಬಳ ಕೊಟ್ಟು ಅವನ ಇಡೀ ದಿನ ತಗೊಂಡ ಹಾಗಾಯ್ತು. ಹೋಟೆಲ್ ರೂಮಿನಲ್ಲೇ ಇರೋ ಹುಡುಗರಿಗೆ ಪರವಾಗಿಲ್ಲ, ಮಧ್ಯಾಹ್ನ ಮಲಗಿ ಏಳ್ತಾರೆ, ಬಟ್ಟೆ ಒಗ್ಕೊಳ್ತಾರೆ. ಅಕ್ಕಪಕ್ಕದ ಹಳ್ಳಿಯಿಂದ ಬಸ್ಸಲ್ಲಿ ಬರೋರು 12ಕ್ಕೆ ಬಿಟ್ಟರೆ ಎಲ್ಲಿಗೆ ಹೋಗಬೇಕು? ಹೋಗಿ ಬರೋಕೇ ಎರಡು ಗಂಟೆ. ನಾನು ಮೊದಲು ಇದ್ದ ಕಡೆ ಎಲ್ಲರಿಗೂ ಬ್ರೇಕ್ ಡ್ಯೂಟಿ ಹಾಕಿದರು, ಹಬ್ಬದ ಹಿಂದಿನ ವಾರ ಒಳ್ಳೊಳ್ಳೆ ಹುಡುಗರೇ ಬಿಟ್ಟು ಹೋದರು. ಆ ಖರ್ಚು ಯಾವ ಎಕ್ಸೆಲ್‌ನಲ್ಲಿ ಬರುತ್ತೆ?

ಕಂಪ್ಯೂಟರ್‌ಗೆ ಬಿಟ್ಟರೆ ಬೆಳಿಗ್ಗೆ 6ರಿಂದ 10, ಮತ್ತೆ ಸಂಜೆ 6ರಿಂದ 10 ಅಂತಾನೂ ಹಾಕುತ್ತೆ. ಇನ್ನೂ ಜನ ಕಡಿಮೆ ಸಾಕು ಅನ್ನುತ್ತೆ. ಅವನು ಯಾವಾಗ ನಿದ್ದೆ ಮಾಡಬೇಕು? ಕಾನೂನು ಅಂತ ಒಂದು ಇದೆ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯಲ್ಲಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಅಂತ ಇದೆ. ವಾರದ ರಜೆ ಕೊಡಲೇಬೇಕು, ಓಟಿ ಮಾಡಿಸಿದರೆ ದುಪ್ಪಟ್ಟು ಕೊಡಬೇಕು. ವಾರಕ್ಕೆ ಐದು ಜನರ ರಜೆ ಕಟ್ ಅಂದಿರಲ್ಲ, ಅದನ್ನ ಮೊದಲು ನಿಲ್ಲಿಸಿ.

---

ಬೀಸೋಕಲ್ಲು

ಹಳೇ ಕ್ಯಾಷಿಯರ್ ಯಜಮಾನರು ಹೇಳಿದ್ದು ಸರಿ. ಆದರೆ ಅದು ಲೆಕ್ಕ ಬೇಡ ಅನ್ನೋದಕ್ಕೆ ಕಾರಣ ಅಲ್ಲ, ಲೆಕ್ಕಕ್ಕೆ ಇನ್ನಷ್ಟು ಷರತ್ತು ಸೇರಿಸಿ ಅನ್ನೋದಕ್ಕೆ ಕಾರಣ. ನಿದ್ದೆಗೆ ಹೊತ್ತಿಲ್ಲದ ಶಿಫ್ಟನ್ನು ಕೋಷ್ಟಕದಲ್ಲಿ ಬರೆಯಲೇಬೇಡಿ, ಬರೆಯದ ಶಿಫ್ಟನ್ನು ಸಾಲ್ವರ್ ಆರಿಸಲ್ಲ. ಬ್ರೇಕ್ ಡ್ಯೂಟಿ ರೂಮಿನಲ್ಲಿ ಇರುವವರಿಗೆ ಮಾತ್ರ ಅಂದರೆ, "ಬ್ರೇಕ್ ಡ್ಯೂಟಿ ಇಷ್ಟಕ್ಕಿಂತ ಜಾಸ್ತಿ ಇರಬಾರದು" ಅಂತ ಒಂದು ಸಾಲು ಸೇರಿಸಿದರೆ ಮುಗೀತು.

ಬ್ರೇಕ್ ಡ್ಯೂಟಿಗೆ ಎಷ್ಟು ಹೆಚ್ಚಿಗೆ ಕೊಡಬಹುದು ಅನ್ನೋದಕ್ಕೂ ಲೆಕ್ಕದಲ್ಲೇ ಉತ್ತರ ಇದೆ, ನನಗೆ ಇಷ್ಟವಾದ ಭಾಗ ಇದು. ಮೊದಲ ನಾಲ್ಕು ಜನರ ತನಕ, ಬ್ರೇಕ್ ಡ್ಯೂಟಿಗೆ ಒಬ್ಬ ಒಪ್ಪಿದರೆ ಮಾಮೂಲಿ ಶಿಫ್ಟ್‌ನಲ್ಲಿ ಇಬ್ಬರು ಕಡಿಮೆ ಆಗುತ್ತಾರೆ, ಯಾಕಂದರೆ ಬೆಳಗಿನ ರಶ್‌ಗೂ ಅವನೇ, ಸಂಜೆ ರಶ್‌ಗೂ ಅವನೇ. ಇಬ್ಬರ ಖರ್ಚು 1,200. ಅಂದರೆ ಬ್ರೇಕ್ ಡ್ಯೂಟಿಯವನಿಗೆ ದಿನಕ್ಕೆ 1,200ಕ್ಕಿಂತ ಕಡಿಮೆ ಎಷ್ಟು ಕೊಟ್ಟರೂ ಹೋಟೆಲ್‌ಗೆ ಲಾಭವೇ. 800 ಕೊಡಿ ಸರ್! ಅವನ ಇಡೀ ದಿನ ತಗೊಳ್ತಿದ್ದೀರಿ ಅನ್ನೋ ಮಾತಿಗೆ ಅರ್ಥ ಬರುತ್ತೆ. ನಾಲ್ಕರ ನಂತರ ಐದನೆಯವನು ಒಪ್ಪಿದರೂ ಏನೂ ಉಳಿಯಲ್ಲ, 19ಕ್ಕೇ ನಿಲ್ಲುತ್ತೆ. ಹಾಗಾಗಿ ಎಲ್ಲರಿಗೂ ಬ್ರೇಕ್ ಡ್ಯೂಟಿ ಹಾಕಿದ ಆ ಮಾಲೀಕರು ಹುಡುಗರನ್ನು ಸುಮ್ನೆ ಕಳಕೊಂಡರು.

ಇನ್ನೊಂದು. "ಇಂಟ್" ಷರತ್ತು ತೆಗೆದು ಓಡಿಸಿ, ಮುಗಿದ ಮೇಲೆ ಸೆನ್ಸಿಟಿವಿಟಿ ರಿಪೋರ್ಟ್ ಕೇಳಿ. ಇಂಟ್ ಇದ್ದರೆ ಆ ರಿಪೋರ್ಟ್ ಕೊಡಲ್ಲ. ಅದರಲ್ಲಿ ಶ್ಯಾಡೋ ಪ್ರೈಸ್ ಅಂತ ಕಾಲಂ ಇರುತ್ತೆ, ಆ ಹೊತ್ತಿಗೆ ಒಬ್ಬ ಕಡಿಮೆ ಸಾಕು ಅಂದರೆ ಒಟ್ಟು ಎಷ್ಟು ಇಳಿಯುತ್ತೆ ಅಂತ. ನಾಲ್ಕು ಬ್ರೇಕ್ ಡ್ಯೂಟಿಯ ಲೆಕ್ಕದಲ್ಲಿ ಬೆಳಿಗ್ಗೆ 8–10, ಮಧ್ಯಾಹ್ನ 12–2, ಸಂಜೆ 6–8, ರಾತ್ರಿ 8–10 ಈ ನಾಲ್ಕಕ್ಕೂ ಅರ್ಧ ಅರ್ಧ ಬರುತ್ತೆ. ಉಳಿದದ್ದಕ್ಕೆಲ್ಲಾ ಸೊನ್ನೆ. ದೊಡ್ಡಪ್ಪನವರು ನೋಡುವ ಮಧ್ಯಾಹ್ನ 3 ಗಂಟೆಗೂ ಸೊನ್ನೆ. ಆ ಹೊತ್ತಿನಲ್ಲಿ ನಾಲ್ಕು ಬೇಕೋ ಎರಡು ಬೇಕೋ ಅಂತ ಎಷ್ಟು ವಾದ ಮಾಡಿದರೂ ಒಂದು ರೂಪಾಯಿ ಉಳಿಯಲ್ಲ. ಅದರ ಬದಲು ಬೆಳಗಿನ ರಶ್‌ನಲ್ಲಿ ಒಬ್ಬ, ಸಂಜೆ ರಶ್‌ನಲ್ಲಿ ಒಬ್ಬ ಕಡಿಮೆ ಸಾಕಾಗುವ ಹಾಗೆ ಏನಾದರೂ ಮಾಡಿದರೆ, ಉದಾಹರಣೆಗೆ ಕಾಫಿ-ಟೀಗೆ ಬಾಗಿಲ ಹತ್ತಿರವೇ ಟೋಕನ್ ಕೌಂಟರ್, ಒಟ್ಟು 18 ಆಗುತ್ತೆ.

---

ಶಿರಾ_ಹೈವೇ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎಕ್ಸೆಲ್‌ನಲ್ಲಿ ನಾನೇ ಹಾಕಿ ನೋಡಿದೆ, 23 ಮತ್ತು 19 ಎರಡೂ ಬಂತು. ಸೆನ್ಸಿಟಿವಿಟಿ ರಿಪೋರ್ಟ್ ಪ್ರಿಂಟ್ ತೆಗೆದು 2–4ರ ಸೊನ್ನೆಗೆ ಕೆಂಪು ಗೆರೆ ಎಳೆದು ದೊಡ್ಡಪ್ಪನ ಟೇಬಲ್ ಮೇಲೆ ಇಟ್ಟಿದ್ದೇನೆ. ಇನ್ನೂ ಮಾತಾಡಿಲ್ಲ ಅವರು.

ಹಳೇ ಕ್ಯಾಷಿಯರ್ ಅಣ್ಣ, ಬಿಲ್ ಸಮಯದ ವಿಷಯ ನನಗೆ ಹೊಳೆದೇ ಇರಲಿಲ್ಲ. ಹುಡುಗರನ್ನೇ ಕೇಳಿದೆ. ಬೆಳಿಗ್ಗೆ ನಿಜವಾದ ರಶ್ ಏಳೂಮುಕ್ಕಾಲಿಗೇ ಶುರು ಅಂತಾರೆ. ಬಸ್ ವಿಷಯಕ್ಕೆ, ಒಟ್ಟಿಗೆ ಬರೋದು ವಾರಕ್ಕೆ ಮೂರ್ನಾಲ್ಕು ಸಲ. ಅಂಥ ಹೊತ್ತಿನಲ್ಲಿ ಕ್ಯಾಶ್‌ನಲ್ಲಿರೋ ನಾನೂ ಟ್ರೇ ಹಿಡೀತೀನಿ, ಇನ್ನೇನು ಮಾಡೋದು.

ಈಗ ಎರಡು ತೊಡಕು. ಒಂದು, ರೂಮಿನಲ್ಲಿ ಇರುವವರು ಒಂಬತ್ತು ಜನ, 800 ರೂಪಾಯಿ ಅಂದ ಮೇಲೂ ಬ್ರೇಕ್ ಡ್ಯೂಟಿಗೆ ಒಪ್ಪಿದ್ದು ಮೂರೇ ಜನ. ಒತ್ತಾಯ ಮಾಡಲ್ಲ. ಎರಡು, ನಾನು ಕೊಟ್ಟ ಸಂಖ್ಯೆ ಸೋಮವಾರದಿಂದ ಶನಿವಾರದವರೆಗಿನದು. ಭಾನುವಾರ ಸಂಜೆ ಬೆಂಗಳೂರಿಗೆ ವಾಪಸ್ ಹೋಗೋ ಕಾರುಗಳು ಜಾಸ್ತಿ, 6–8ಕ್ಕೆ 11 ಸಾಲಲ್ಲ, 15 ಬೇಕು. ಅವತ್ತು ಉಳಿದ ಹೊತ್ತೆಲ್ಲಾ ಅಷ್ಟೇ. ಇದನ್ನೂ ಸೇರಿಸಿದರೆ ಎಷ್ಟು ಜನ ಬೇಕಾಗುತ್ತೆ?

---

ಬೀಸೋಕಲ್ಲು

ಮೂರೇ ಅಂದರೆ 20. ಮಧ್ಯಾಹ್ನ 12ರ ಶಿಫ್ಟೇ ಬೇಡ, ಇನ್ನೂ ಸರಳ ಆಯ್ತು. 6ಕ್ಕೆ 7 ಜನ, 8ಕ್ಕೆ 2, 2ಕ್ಕೆ 8, ಬ್ರೇಕ್ ಡ್ಯೂಟಿ 3. ಭಾನುವಾರ 2ರ ಶಿಫ್ಟ್‌ಗೆ 8ರ ಬದಲು 12, ಒಟ್ಟು 24. ವಾರಕ್ಕೆ ಆರು ದಿನ 20ರಂತೆ 120, ಭಾನುವಾರ 24, ಒಟ್ಟು 144 ಆಳು. 24 ಜನ ಆರು ದಿನ ಮಾಡಿದರೆ ಸರಿಯಾಗಿ 144.

ಆದರೆ ಇಬ್ಬರನ್ನು ತೆಗೀಬೇಡಿ. 24ರಲ್ಲಿ ಒಬ್ಬ ಜ್ವರ ಅಂತ ಮಲಗಿದರೂ ಅವತ್ತೇ ಎಡವಟ್ಟು, ಜೊತೆಗೆ ಭಾನುವಾರ ಯಾರಿಗೂ ರಜೆ ಸಿಗಲ್ಲ. 26 ಜನರನ್ನೇ ಇಟ್ಟುಕೊಂಡರೆ ಭಾನುವಾರ ಇಬ್ಬರಿಗೆ, ಉಳಿದ ಆರು ದಿನ ದಿನಕ್ಕೆ ನಾಲ್ಕು ನಾಲ್ಕು ಜನರಿಗೆ ರಜೆ. ಎಲ್ಲರಿಗೂ ವಾರಕ್ಕೊಂದು ಬಂತು. ಸೋಮವಾರದಿಂದ ಶನಿವಾರ ದಿನಾ 22 ಜನ ಇರ್ತಾರೆ, ಬೇಕಾಗಿರೋದು 20, ಇಬ್ಬರು ಕೈಯಲ್ಲಿ. ಬಸ್ಸು ಬಂದಾಗ ಅವರಿಗೆ ಟ್ರೇ ಕೊಡಿ, ನೀವು ಕ್ಯಾಶ್ ನೋಡಿ. ಭಾನುವಾರದ ಆ ಎರಡು ರಜೆ ಯಾರಿಗೆ ಅನ್ನೋದನ್ನು ಸರದಿ ಪ್ರಕಾರ ಬರೆದು ಗೋಡೆಗೆ ಅಂಟಿಸಿ. ಅದು ಸಾಲ್ವರ್ ಕೆಲಸ ಅಲ್ಲ.

---

ಹಳೇ_ಕ್ಯಾಷಿಯರ್

ಇಬ್ಬರನ್ನ ಉಳಿಸಿಕೊಳ್ಳಿ ಅಂದ ಮೇಲೆ ನನ್ನ ತಕರಾರಿಲ್ಲ. ಏಳೂಮುಕ್ಕಾಲಿನ ರಶ್ ಬಗ್ಗೆ ಒಂದು ಮಾತು: 8ಕ್ಕೆ ಹಾಕಿರೋ ಆ ಇಬ್ಬರನ್ನೂ ಬ್ರೇಕ್ ಡ್ಯೂಟಿಯವರನ್ನೂ ಏಳೂವರೆಗೇ ಕರೆಸಿ, ಅರ್ಧ ಗಂಟೆ ಮೊದಲೇ ಬಿಡಿ. ಸಂಜೆ ಹೇಗೆ ಬೀಳುತ್ತೆ ಅಂತ ಒಂದು ವಾರ ನೋಡಿ ಆಮೇಲೆ ಹೇಳಿ. ದೊಡ್ಡಪ್ಪನವರನ್ನ ಒಂದು ದಿನ ಬೆಳಿಗ್ಗೆ 9ಕ್ಕೆ ಕ್ಯಾಶ್‌ನಲ್ಲಿ ಕೂರಿಸಿ ತಮ್ಮಾ, ಪ್ರಿಂಟ್‌ಔಟ್ ಓದೋ ಕಷ್ಟ ಇರಲ್ಲ ಅವರಿಗೆ.